ಎಂಜಿನ್ನಿನ ನಾಕಾ ಕಾಯುವ ಮೇಣ

ನಮ್ಮ ಮನೆಯ ಓಮ್ನಿ ವ್ಯಾನಿಗೆ ಹತ್ತೊಂಬತ್ತು ವರ್ಷ. ಮೇ ತಿಂಗಳ ಒಂದು ಬೆಳಿಗ್ಗೆ ಹೈದರಾಬಾದಿನ ತಾರ್ನಾಕ ಚೌರಸ್ತೆ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಏರಿಬಿಟ್ಟಿತು. ಬದಿಗೆ ನಿಲ್ಲಿಸಿ ಸೀಟು ಎತ್ತಿದೆ. ಓಮ್ನಿಯ 796 ಸಿಸಿ ಎಂಜಿನ್ ಇರುವುದೇ ಮುಂದಿನ ಸೀಟುಗಳ ಕೆಳಗೆ. ಎಂಜಿನ್ ಕೈ ಹತ್ತಿರ ಒಯ್ಯಲಾರದಷ್ಟು ಸುಡುತ್ತಿತ್ತು. ರೇಡಿಯೇಟರಿನ ಮೇಲಿನ ಹೋಸ್ ಪೈಪು ಮಾತ್ರ ಬರೀ ಬೆಚ್ಚಗಿತ್ತು. ಅಂದರೆ ಕಾದ ನೀರು ಎಂಜಿನ್ನಿನೊಳಗೇ ಸುತ್ತುತ್ತಿದೆ, ತಣ್ಣಗಾಗುವ ಜಾಗಕ್ಕೆ ಹೋಗುತ್ತಲೇ ಇಲ್ಲ. ನೀರು ಕಡಿಮೆಯಾಗಿರಲಿಲ್ಲ, ಬೆಲ್ಟೂ ಸರಿಯಿತ್ತು. ಸಂಶಯ ಥರ್ಮೋಸ್ಟ್ಯಾಟ್ ಮೇಲೆ ಹೋಯಿತು.

ಮೆಕ್ಯಾನಿಕ್ ಒಂದೇ ಮಾತಿನಲ್ಲಿ ಮುಗಿಸಿದರು. "ಈ ಬಿಸಿಲಿನ ಊರಿಗೆ ಅದ್ಯಾಕೆ ಸಾರ್? ತೆಗೆದು ಬಿಸಾಕೋಣ." ಹೈದರಾಬಾದಿನಲ್ಲಷ್ಟೇ ಅಲ್ಲ, ಕಲಬುರಗಿ, ರಾಯಚೂರಿನ ಗ್ಯಾರೇಜುಗಳಲ್ಲೂ ನಾನು ಈ ಮಾತು ಕೇಳಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಸಲಹೆ ತಪ್ಪು. ಥರ್ಮೋಸ್ಟ್ಯಾಟ್ ಎಂದರೆ ಎಂಜಿನ್ನನ್ನು ತಣ್ಣಗೆ ಮಾಡುವ ಸಾಮಾನು ಎಂದುಕೊಳ್ಳುವುದರಿಂದ ಈ ತಪ್ಪು ಹುಟ್ಟುತ್ತದೆ. ಅದರ ನಿಜವಾದ ಕೆಲಸ ಎಂಜಿನ್ನನ್ನು ಬೇಗ ಬಿಸಿ ಮಾಡಿ, ಆ ಬಿಸಿಯನ್ನು ಹಿಡಿದಿಡುವುದು.

ತಾರ್ನಾಕ ಎಂಬ ಹೆಸರೇ ತಂತಿಬೇಲಿಯ ನಾಕಾದಿಂದ ಬಂತೆಂದು ಇಲ್ಲಿನ ಹಳಬರು ಹೇಳುತ್ತಾರೆ. ನಿಜಾಮರ ಕಾಲದ ತೋಟಕ್ಕೆ ತಂತಿ ಬೇಲಿ, ಅದಕ್ಕೊಂದು ಕಾವಲು ಚೌಕಿ. ಥರ್ಮೋಸ್ಟ್ಯಾಟ್ ಕೂಡ ಅಂಥದೇ ಒಂದು ನಾಕಾ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂತು, ನೀರಿನ ಬಿಸಿ ನೋಡಿ ಬಾಗಿಲು ತೆರೆಯುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ತಂತಿಯೂ ಬೇಡ. ಒಳಗಿರುವುದು ಒಂದಿಷ್ಟು ಮೇಣ, ಅದೂ ಮಗುವಿನ ಹಿಡಿಯಷ್ಟಿಲ್ಲ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿ. ಹೆಪ್ಪುಗಟ್ಟಿದಾಗ ನಡುವೆ ಗುಳಿ ಬಿದ್ದಿರುತ್ತದೆ. ಮೋಂಬತ್ತಿ ಕರಗಿಸಿ ಆರಲು ಬಿಟ್ಟರೂ ಹಾಗೆಯೇ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಎಣ್ಣೆ ಮತ್ತು ಮೇಣ ಕುಗ್ಗುತ್ತವೆ. ತಿರುಗಿಸಿ ಹೇಳಿದರೆ, ಮೇಣ ಕರಗುವಾಗ ಅದರ ಗಾತ್ರ ಶೇ. 10ರಿಂದ 15ರಷ್ಟು ಹೆಚ್ಚುತ್ತದೆ. ಗಟ್ಟಿ ಹಿತ್ತಾಳೆ ಬಟ್ಟಲಿನಲ್ಲಿ ಮುಚ್ಚಿಟ್ಟ ಮೇಣಕ್ಕೆ ಹಿಗ್ಗಲು ಜಾಗ ಸಿಗದಿದ್ದರೆ ಅದು ಭಾರೀ ಬಲದಿಂದ ತಳ್ಳುತ್ತದೆ. ಬಟ್ಟಲಿನ ನಡುವೆ ರಬ್ಬರ್ ತೋಳಿನೊಳಗೆ ಒಂದು ಉಕ್ಕಿನ ಕಡ್ಡಿ ಇದೆ. ಮೇಣ ರಬ್ಬರನ್ನು ಹಿಂಡುತ್ತದೆ, ರಬ್ಬರ್ ಕಡ್ಡಿಯನ್ನು ಹೊರಕ್ಕೆ ನೂಕುತ್ತದೆ. ಕಡ್ಡಿಯ ತುದಿ ಚೌಕಟ್ಟಿಗೆ ಆತುಕೊಂಡಿರುವುದರಿಂದ ಅದು ಅಲುಗುವುದಿಲ್ಲ, ಬಟ್ಟಲೇ ಹಿಂದಕ್ಕೆ ಸರಿದು ಬಾಗಿಲನ್ನು ಎಳೆದು ತೆರೆಯುತ್ತದೆ. ತಣ್ಣಗಾದಾಗ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ರೂಪಿಸಿದ ಈ ಉಪಾಯ ಇವತ್ತಿಗೂ ಕೋಟಿಗಟ್ಟಲೆ ಗಾಡಿಗಳಲ್ಲಿ ಉಳಿದಿದೆ.

ಯಾವ ಬಿಸಿಗೆ ತೆರೆಯಬೇಕೆಂದು ನಿರ್ಧರಿಸುವುದು ಮೇಣದ ರಸಾಯನ. ಮೇಣದ ಅಣುಗಳೆಂದರೆ ಇಂಗಾಲದ ಸರಪಳಿಗಳು. ಸರಪಳಿ ಉದ್ದವಾದಷ್ಟೂ ಕರಗಲು ಹೆಚ್ಚು ಬಿಸಿ ಬೇಕು. ಮೋಂಬತ್ತಿಯ ಮೇಣ ಸುಮಾರು 55–60 ಡಿಗ್ರಿಗೆ ಕರಗಿದರೆ, ಇಲ್ಲಿ ಬೇಕಾದದ್ದು 80 ದಾಟಿದ ಮೇಲೆ ಕರಗುವಂಥದ್ದು. ಇಂಥ ಸರಪಳಿಗಳದೇ ಮಾತು ನಮ್ಮ ಬೀದಿಯಾಚೆಯ ರಾಸಾಯನಿಕ ಸಂಶೋಧನಾ ಸಂಸ್ಥೆ ಐಐಸಿಟಿಯಲ್ಲೂ. 1944ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಯೋಗಾಲಯವಾಗಿ ಹುಟ್ಟಿದ ಆ ಸಂಸ್ಥೆಯಲ್ಲಿ ಎಣ್ಣೆ, ಕೊಬ್ಬುಗಳ ಅಧ್ಯಯನ ಬಹುಕಾಲದಿಂದ ನಡೆದಿದೆ.

ಇನ್ನು ಎಂಜಿನ್ನಿಗೆ ಅಷ್ಟು ಬಿಸಿ ಯಾಕೆ ಬೇಕು? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಲು ಕಷ್ಟ, ಆದರೆ ಲೆಕ್ಕ ಸರಿಯಾಗಿದೆ. ಪೆಟ್ರೋಲಿನ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆವಿಯಾಗುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಬೀಳುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಎಂಜಿನ್ ಆಯಿಲ್ ಸೇರುತ್ತದೆ. ಎಂಜಿನ್ ಬಿಸಿಯಿದ್ದರೆ ಅದು ಆವಿಯಾಗಿ ಹೋಗುತ್ತದೆ. ತಣ್ಣಗಿದ್ದರೆ ಅಲ್ಲೇ ನಿಂತು, ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಬಣ್ಣದ ಜಿಡ್ಡಾಗಿ ಕೂರುತ್ತದೆ. ತಣ್ಣನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಗೋಡೆಗೆ ಹತ್ತಿ, ಅಲ್ಲಿನ ಆಯಿಲ್ ಪದರವನ್ನೇ ತೊಳೆದುಬಿಡುತ್ತದೆ. ಸವೆತ ಹೆಚ್ಚುತ್ತದೆ, ಮೈಲೇಜ್ ಇಳಿಯುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರುವಷ್ಟೇ ಓಡಾಟವಿರುವ ಗಾಡಿಗೆ ಈ ಕೇಡು ಇನ್ನೂ ಹೆಚ್ಚು. ಹೊರಗಿನ ಬಿಸಿಲು 43 ಡಿಗ್ರಿ ಇದ್ದರೂ ಅದು ಎಂಜಿನ್ನಿಗೆ ಬೇಕಾದ ಬಿಸಿಯ ಅರ್ಧದಷ್ಟೇ.

ಹಾಗಾಗಿ ಹೊಸದನ್ನು ತಂದೆ. ಮೈಮೇಲೆ 82 ಎಂದು ಅಚ್ಚೊತ್ತಿತ್ತು. ಕೂರಿಸುವ ಮೊದಲು ಅಡುಗೆ ಒಲೆಯ ಮೇಲೆ ಪರೀಕ್ಷೆ. ಬಾಗಿಲಿನ ಸಂದಿಯಲ್ಲಿ ದಾರ ಸಿಕ್ಕಿಸಿ, ಪಾತ್ರೆಯ ತಳ ತಾಕದಂತೆ ನೀರಿನಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟೆ. 83ಕ್ಕೆ ದಾರದ ಹಿಡಿತ ಸಡಿಲಿ ಥರ್ಮೋಸ್ಟ್ಯಾಟ್ ನೀರಿಗೆ ಬಿತ್ತು. ಆ ಕ್ಷಣ ಮಗಳು ಚಪ್ಪಾಳೆ ತಟ್ಟಿದಳು, ನನಗೂ ಅಷ್ಟೇ ಖುಷಿ. ಆಮೇಲೆ ವ್ಯಾನಿನಿಂದ ಬಿಚ್ಚಿದ ಹಳೆಯದನ್ನು ಅದೇ ನೀರಿನಲ್ಲಿ ಕುದಿಸಿದರೂ ಅದು ಬಾಯಿ ಬಿಡಲಿಲ್ಲ. ಕೂಲಂಟ್ ಮೆತ್ತಿದ್ದ ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಲಿಲ್ಲ.

ಬಿಚ್ಚುವ ಕೆಲಸ ರಾತ್ರಿಯೆಲ್ಲ ತಣ್ಣಗಾದ ಎಂಜಿನ್ನಿನಲ್ಲಿ ಮಾತ್ರ ಮಾಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೈದರಾಬಾದಿನ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಆದರೆ ರೇಡಿಯೇಟರ್ ಮುಚ್ಚಳದ ಒತ್ತಡದಲ್ಲಿ 110 ದಾಟಿದರೂ ಕುಕ್ಕರಿನೊಳಗಿನಂತೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದರೆ ಅಷ್ಟೂ ಒಮ್ಮೆಲೇ ಉಕ್ಕಿ ಮುಖಕ್ಕೆ ಬರುತ್ತದೆ.

ಕೂಲಂಟ್ ಇಳಿಸಿ, ಕವರಿನ ಬೋಲ್ಟು ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಅಲ್ಯೂಮಿನಿಯಂ ಗೀರಾಗದಂತೆ ಕೆರೆದೆ. ಮೇಣದ ಬಟ್ಟಲು ಎಂಜಿನ್ ಕಡೆಗಿರಬೇಕು. ಸಣ್ಣ ತೂತಿನಲ್ಲಿ ಅಲುಗಾಡುವ ಪಿನ್ ಇದ್ದರೆ ಅದು ಮೇಲಕ್ಕೆ, ಏಕೆಂದರೆ ಸಿಕ್ಕಿಕೊಂಡ ಗಾಳಿ ಹೊರಡುವುದು ಅಲ್ಲಿಂದ. ಬೋಲ್ಟುಗಳನ್ನು ಸರದಿಯಂತೆ, ಹದವಾಗಿ ಬಿಗಿಯಬೇಕು. ಬೋರಿನ ನೀರು ಮಾತ್ರ ಹಾಕಲೇಬಾರದು. ನಮ್ಮ ಬೀದಿಯ ನೀರು ಹಂಡೆಗೆ ಕಟ್ಟುವ ಬಿಳಿ ಪೊರೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಕೂಲಂಟಿಗೆ ಡಿಸ್ಟಿಲ್ಡ್ ನೀರು ಬೆರೆಸಿದೆ. ಇಳಿಸಿದ ಹಳೆಯ ಕೂಲಂಟನ್ನು ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನೆಲದ ಮೇಲೆ ಚೆಲ್ಲಿದರೆ ಬೀದಿನಾಯಿ ನೆಕ್ಕುತ್ತದೆ, ಅದರ ಮೂತ್ರಪಿಂಡ ಹಾಳಾಗಿ ಸಾಯುತ್ತದೆ.

ಮುಚ್ಚಳ ತೆರೆದಿಟ್ಟೇ, ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿ ಗಾಳಿಗುಳ್ಳೆಗಳು ನಿಲ್ಲುವ ತನಕ ಕೂಲಂಟ್ ಸುರಿಯುತ್ತ ಹೋದೆ. ಮುಚ್ಚಿದ ಮೇಲೆ ಮೇಲಿನ ಹೋಸ್ ಪೈಪಿನ ಮೇಲೆ ಕೈ ಇಟ್ಟು ಕಾದೆ. ಬಹಳ ಹೊತ್ತು ತಣ್ಣಗಿತ್ತು. ಮುಳ್ಳು ನಡುವಿಗೆ ಬಂದಾಗ ಅಂಗೈ ಕೆಳಗೆ ಬಿಸಿ ಹರಿದು ಬಂತು. ಒಳಗೆ ಮೇಣ ಕರಗಿತ್ತು.