ನಿಮಗಿದು ಗೊತ್ತೆ? ಗುಳೆ ಹೋದವರು ಲೆಕ್ಕದಲ್ಲಿ ನಿರುದ್ಯೋಗಿಗಳಲ್ಲ!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ– ವಿಜಯನಗರ ಜಿಲ್ಲೆಯ ಈ ಐದೂ ತಾಲ್ಲೂಕುಗಳ ಬೇಸಾಯ ಹೆಚ್ಚಾಗಿ ಮಳೆಯನ್ನೇ ನಂಬಿದೆ. ಮೆಕ್ಕೆಜೋಳ, ಶೇಂಗಾ ಸುಗ್ಗಿ ಮುಗಿದರೆ ಕೂಲಿಯೂ ಮುಗಿಯಿತು. ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ, ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಿಗೆ ಗುಳೆ ಹೊರಡುವ ಕುಟುಂಬಗಳು ಇಲ್ಲಿವೆ.

ನಿರುದ್ಯೋಗದ ಅಂಕಿಅಂಶದಲ್ಲಿ ಇವರು ಕಾಣುವುದೇ ಅಪರೂಪ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ‘ಸಾಮಾನ್ಯ ಸ್ಥಿತಿ’ ಲೆಕ್ಕದಲ್ಲಿ ವರ್ಷಕ್ಕೆ 30 ದಿನ ದುಡಿದರೂ ಸಾಕು, ಉದ್ಯೋಗಿಯೇ! ಜನಗಣತಿ ಮಾತ್ರ 183 ದಿನಕ್ಕಿಂತ ಕಡಿಮೆ ದುಡಿದವರನ್ನು ಬೇರೆಯಾಗಿ, ಅಲ್ಪಾವಧಿ ಕೆಲಸಗಾರರೆಂದು ಬರೆದುಕೊಳ್ಳುತ್ತದೆ. ಈ ಸೀಮೆಯ ನಿಜಸ್ಥಿತಿಗೆ ಅದೇ ಹತ್ತಿರ.

ನೀರಿದ್ದ ಕಡೆ ಚಿತ್ರ ಬೇರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ತೋಟಗಳಲ್ಲಿ ಬಿಸಿಲೇರುವ ಮುನ್ನವೇ ಮೊಗ್ಗು ಬಿಡಿಸುವ ಹೆಣ್ಣುಮಕ್ಕಳಿಗೆ ಊರಲ್ಲೇ ಕೂಲಿ ಸಿಗುತ್ತದೆ.

ಊರಲ್ಲಿ ಕೂಲಿ ಸಿಗದವರಿಗೆ ಇರುವ ಆಸರೆ ಉದ್ಯೋಗ ಖಾತರಿ. ಕೆಲಸ ಕೇಳಿದ 15 ದಿನದೊಳಗೆ ಅದು ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂಬುದು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲೇ ಬರೆದಿಟ್ಟ ಹಕ್ಕು. ಹಾಗಾಗಿ ಪಂಚಾಯಿತಿಗೆ ಅರ್ಜಿ ಕೊಟ್ಟ ದಿನವೇ ದಿನಾಂಕ ಹಾಕಿದ ರಸೀದಿ ಕೇಳಿ ಪಡೆಯಿರಿ.