ಹೆಬ್ಬೆರಳಿನ ಬೆಲೆ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಆ ಕೈಯೇ ಊನವಾದರೆ ಬಾಯಿಗೆ ಮೊಸರು ಎಲ್ಲಿಂದ ಬರಬೇಕು?

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಇದು ಬರಿಯ ಮಾತಿನ ಚಮತ್ಕಾರವಲ್ಲ. ತಗಡನ್ನು ಅಚ್ಚಿಗೊತ್ತುವ ಯಂತ್ರದಿಂದ ಕ್ಷಣಮಾತ್ರ ತಡವಾಗಿ ಹಿಂದೆಗೆದ ಕೈ ಹೆಬ್ಬೆರಳನ್ನೇ ಕಳೆದುಕೊಳ್ಳಬಹುದು. ಕೆಲವು ತಿಂಗಳಲ್ಲಿ ಗಾಯ ಮಾಯುತ್ತದೆ. ಮತ್ತೆ ದುಡಿಯುವ ಹಂಬಲ ಮೂಡುತ್ತದೆ. ಆಗ ಮನೆಯಾಕೆಯ ಮನಸ್ಸಿನಲ್ಲಿ ಅಂಜಿಕೆಯೊಂದು ತಲೆಯೆತ್ತುತ್ತದೆ: “ನೀವು ಕೆಲಸಕ್ಕೆ ಹೋದರೆ ಬರುವ ಹಣ ನಿಂತುಹೋದೀತೇನೋ!” ಈ ಒಂದು ಮಾತಿಗೆ ಕಟ್ಟುಬಿದ್ದು, ದುಡಿಯಬಲ್ಲವನೂ ಮನೆಯಲ್ಲೇ ಉಳಿದುಬಿಡುವುದುಂಟು.

ಈ ಅಂಜಿಕೆ ಎಷ್ಟರಮಟ್ಟಿಗೆ ನಿಜ? 1948ರ ಕಾಯಿದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರ ಹಾಗೂ ದೆಹಲಿಗಳಲ್ಲಿ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೆ ಬಂದ ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಎಂದರೆ ಜನರ ಬಾಯಲ್ಲಿ ‘ಇ.ಎಸ್.ಐ.’, ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಹಳೆಯ ಕಾಯಿದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ಯೋಜನೆಯ ತಿರುಳು ಉಳಿದುಕೊಂಡಿದೆ.

ಈ ಯೋಜನೆ ಅಂಗವೈಕಲ್ಯದ ಪರಿಹಾರವನ್ನು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯದು ತಾತ್ಕಾಲಿಕ. ಗಾಯಗೊಂಡು ದುಡಿಯಲಾರದ ದಿನಗಳಿಗೆ ಸರಾಸರಿ ದಿನಗೂಲಿಯ ನೂರಕ್ಕೆ 90ರಷ್ಟು ದೊರೆಯುತ್ತದೆ. ಇದು ತಪ್ಪಿದ ಕೂಲಿಗೆ ಬದಲಾಗಿ ಬರುವ ಹಣ. ಆದುದರಿಂದ ಕೆಲಸಕ್ಕೆ ಮರಳಿದ ದಿನ ಅದು ನಿಲ್ಲುವುದು ನ್ಯಾಯವೇ. ಒಂದೇ ದಿನಕ್ಕೆ ಕೂಲಿಯನ್ನೂ ಪರಿಹಾರವನ್ನೂ ಪಡೆಯುವಂತಿಲ್ಲ.

ಎರಡನೆಯದು ಶಾಶ್ವತ. ವೈದ್ಯಕೀಯ ಮಂಡಳಿ ಕಾರ್ಮಿಕನನ್ನು ಪರೀಕ್ಷಿಸಿ, ಅವನ ಗಳಿಕೆಯ ಶಕ್ತಿ ಎಷ್ಟು ಕುಂದಿತೆಂದು ನಿರ್ಣಯಿಸುತ್ತದೆ. ಹೆಬ್ಬೆರಳು ಹೋದರೆ ನೂರಕ್ಕೆ 30, ತೋರುಬೆರಳು ಪೂರ್ತಿ ಹೋದರೆ 14 ಎಂಬುದು 1948ರ ಕಾಯಿದೆಯ ಪಟ್ಟಿಯಲ್ಲಿದ್ದ ಲೆಕ್ಕ. ಸರಾಸರಿ ದಿನಗೂಲಿ 600 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ ನೂರಕ್ಕೆ 90 ಎಂದರೆ 540 ರೂಪಾಯಿ. ಅದರಲ್ಲಿ ನೂರಕ್ಕೆ 30 ಎಂದರೆ ದಿನಕ್ಕೆ 162 ರೂಪಾಯಿ. ಮೂವತ್ತು ದಿನಗಳ ತಿಂಗಳಿಗೆ 4,860 ರೂಪಾಯಿ. ಮಂಡಳಿಯ ನಿರ್ಣಯ ಅಂತಿಮವಾದ ಮೇಲೆ ಈ ಹಣ ಜೀವಮಾನವಿಡೀ ಬರುತ್ತದೆ. ಕಾರ್ಮಿಕ ಹಳೆಯ ಕಾರ್ಖಾನೆಗೆ ಮರಳಲಿ, ಬೇರೆಡೆ ಗುಮಾಸ್ತನಾಗಲಿ, ಸ್ವಂತ ಅಂಗಡಿಯನ್ನೇ ತೆರೆಯಲಿ, ಅದಕ್ಕೆ ಕುಂದಿಲ್ಲ. ಜೀವಂತವಾಗಿರುವೆನೆಂಬ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ಸಲ್ಲಿಸುತ್ತಿದ್ದರಾಯಿತು.

ಇನ್ನು ಕೆಲಸದ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 20ನೆಯ ಕಲಮಿನಂತೆ, ಸೇವೆಯಲ್ಲಿದ್ದಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ಕೆಳದರ್ಜೆಗೆ ಇಳಿಸುವಂತೆಯೂ ಇಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಯನ್ನು ಕೊಡಬೇಕು. ಖಾಸಗಿ ಕಾರ್ಖಾನೆಯ ಕಾರ್ಮಿಕನಿಗೆ ಈ ಕಲಮಿನ ರಕ್ಷೆಯಿಲ್ಲ. ಹಣದ ಭಯ ನೀಗಿದರೂ ಅವನು ಒಪ್ಪುವ ಕೆಲಸಕ್ಕಾಗಿ ಮಾಲೀಕನ ಸೌಜನ್ಯವನ್ನೇ ನೆಚ್ಚಬೇಕಾಗುತ್ತದೆ. ಯೋಚಿಸಬೇಕಾದ ಕೊರತೆ ಇಲ್ಲಿದೆ.

ಆದರೂ ಮನೆಯವರ ಅಂಜಿಕೆಗೆ ಕಾರಣವಿಲ್ಲ. ಆ ತಿಂಗಳ ಹಣ ಭಿಕ್ಷೆಯಲ್ಲ, ಮನೆಯಲ್ಲಿ ಕುಳಿತುದಕ್ಕೆ ಕೊಟ್ಟ ಸಂಬಳವೂ ಅಲ್ಲ. ಕಳೆದ ಬೆರಳಿನ ಬೆಲೆ. ಉಳಿದ ಬೆರಳುಗಳು ದುಡಿದು ತಂದುದು ಅದರ ಮೇಲಿನ ಗಳಿಕೆ.