ಖುಲಾಸೆಯಾದ ಮೇಲೂ ಉಳಿಯುವ ಕಡತ

ಕ್ರಿಮಿನಲ್ ಕೇಸಿನಿಂದ ಹೊರಬಂದವರಿಗೆ ಸುತ್ತಲಿನವರು ಹೇಳುವ ಸಮಾಧಾನದ ಮಾತು ಸಾಮಾನ್ಯವಾಗಿ ಎರಡು. ಕೋರ್ಟೇ ಬಿಟ್ಟಿದೆ, ಇನ್ನು ಹೆಸರಿನ ಮೇಲೆ ಏನೂ ಇಲ್ಲ ಎನ್ನುವುದು ಒಂದು. ಏನಾದರೂ ಉಳಿದಿದ್ದರೆ ಒಳ್ಳೆಯ ವಕೀಲರನ್ನು ಹಿಡಿದು ರೆಕಾರ್ಡ್ ಕ್ಲಿಯರ್ ಮಾಡಿಸಿದರಾಯಿತು ಎನ್ನುವುದು ಇನ್ನೊಂದು. ಎರಡನೆಯ ನಂಬಿಕೆ ಬೆಳೆಯುವುದರಲ್ಲಿ ಇಂಗ್ಲಿಷ್ ಧಾರಾವಾಹಿಗಳ ಪಾಲೂ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹಳೆಯ ಅಪರಾಧದ ದಾಖಲೆಯನ್ನು ಅಳಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕುವ ಕ್ರಮ ನಿಜವಾಗಿಯೂ ಇದೆ. ಬ್ರಿಟನ್ನಿನಲ್ಲಿ 1974ರ ಕಾನೂನಿನ ಪ್ರಕಾರ ಅನೇಕ ಶಿಕ್ಷೆಗಳು ಇಷ್ಟು ವರ್ಷ ಕಳೆದ ಮೇಲೆ ಹೇಳಿಕೊಳ್ಳಬೇಕಾಗಿಲ್ಲದ ಹಳೆಯ ಮಾತಾಗುತ್ತವೆ. ಭಾರತದಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನು ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇರಲಿಲ್ಲ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ. ರೆಕಾರ್ಡ್ ಪೂರ್ತಿ ಕ್ಲಿಯರ್ ಮಾಡಿಸುತ್ತೇನೆಂದು ಫೀಸು ಕೇಳುವವರಿದ್ದರೆ, ಯಾವ ಕಾನೂನಿನ ಯಾವ ಕಲಮಿನಡಿ ಎಂದು ಮೊದಲು ಕೇಳುವುದು ಒಳ್ಳೆಯದು.

ಗೊಂದಲದ ಮೂಲ, ರೆಕಾರ್ಡ್ ಎನ್ನುವುದು ಎಲ್ಲೋ ಒಂದು ಕಡೆ ಇರುವ ಒಂದೇ ಕಡತ ಎಂದುಕೊಳ್ಳುವುದರಲ್ಲಿದೆ. ಎಫ್‌ಐಆರ್ ಠಾಣೆಯ ಪುಸ್ತಕದಲ್ಲೂ ದೇಶದ ಠಾಣೆಗಳನ್ನು ಜೋಡಿಸಿರುವ ಸಿಸಿಟಿಎನ್‌ಎಸ್ ಜಾಲದಲ್ಲೂ ಇರುತ್ತದೆ. ವಿಚಾರಣೆಯ ದಿನಾಂಕಗಳು, ಆದೇಶಗಳು ಇ-ಕೋರ್ಟ್ಸ್ ತಾಣದಲ್ಲಿರುತ್ತವೆ. ತೀರ್ಪನ್ನು ಖಾಸಗಿ ಕಾನೂನು ತಾಣಗಳು ಎತ್ತಿಕೊಂಡು ಹಾಕಿರುತ್ತವೆ. ಬೆರಳಚ್ಚು, ಫೋಟೊ ಬೇರೆ ಕಡೆ. ಖುಲಾಸೆಯ ತೀರ್ಪು ಕೇಸಿನ ಫಲ ಏನಾಯಿತು ಎಂಬುದನ್ನು ಹೇಳುತ್ತದೆಯೇ ಹೊರತು ಕೇಸೇ ಆಗಿರಲಿಲ್ಲ ಎನ್ನುವುದಿಲ್ಲ. ಕೇಸಿನಲ್ಲಿ ಹುರುಳಿಲ್ಲವೆಂದು ಪೊಲೀಸರು ಬಿ ರಿಪೋರ್ಟ್ ಹಾಕಿದರೂ ಅಷ್ಟೆ. ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿದರೂ ಅಷ್ಟೆ. ಮೊಕದ್ದಮೆ ಸತ್ತಿರುತ್ತದೆ, ಅದರ ನಂಬರು ಪುಸ್ತಕದಲ್ಲಿ ಇರುತ್ತದೆ.

ಇದು ಕಾಗದದ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರ ಮುಂದೆ ಬರುವ ದೃಢೀಕರಣದ ಫಾರಂ, ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಎಂದಾದರೂ ಬಂಧನವಾಗಿತ್ತೇ, ಕೇಸು ದಾಖಲಾಗಿತ್ತೇ ಎಂದೂ ಕೇಳುತ್ತದೆ. ಖುಲಾಸೆಯಾಗಿದೆಯಲ್ಲ ಎಂದು ‘ಇಲ್ಲ’ ಬರೆದವರು ಸಿಕ್ಕಿಬೀಳುವುದು ಇಲ್ಲೇ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ವಿಷಯವನ್ನು ವಿವರವಾಗಿ ತೂಗಿ ನೋಡಿತು. ಕೇಳಿದ ಮಾಹಿತಿ ನಿಜವಾಗಿರಬೇಕು. ಹರೆಯದಲ್ಲಿ ಘೋಷಣೆ ಕೂಗಿದಂಥ ಚಿಲ್ಲರೆ ಕೇಸನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ಮಾಡುವವರು ಮನ್ನಿಸಬಹುದು. ಗಂಭೀರ ಆರೋಪದಲ್ಲಿ ಸಂಶಯದ ಲಾಭದಿಂದ ಬಿಡುಗಡೆಯಾಗಿದ್ದರೆ ಅವರು ಹಿನ್ನೆಲೆಯನ್ನು ಪರಿಶೀಲಿಸಬಹುದು. ಫಾರಂ ಸ್ಪಷ್ಟವಾಗಿ ಕೇಳದೇ ಇದ್ದುದನ್ನು ಹೇಳಲಿಲ್ಲವೆಂದು ಶಿಕ್ಷಿಸುವಂತಿಲ್ಲ. ಎಲ್ಲವನ್ನೂ ಪ್ರಾಮಾಣಿಕವಾಗಿ ಹೇಳಿದವರನ್ನೂ ತೆಗೆದುಕೊಳ್ಳಲೇಬೇಕು ಎಂದು ಮಾತ್ರ ಪೀಠ ಹೇಳಲಿಲ್ಲ. ಹಾಗಾದರೆ ಖುಲಾಸೆಗೆ ಬೆಲೆಯೇನು ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಸಾಕ್ಷಿಗಳು ತಿರುಗಿಬಿದ್ದು ಬಿದ್ದುಹೋದ ಕೇಸನ್ನೂ, ಆರೋಪವೇ ಸುಳ್ಳೆಂದು ನ್ಯಾಯಾಧೀಶರು ಬರೆದ ಕೇಸನ್ನೂ ಒಂದೇ ತಕ್ಕಡಿಯಲ್ಲಿಡಲು ನ್ಯಾಯಾಲಯಗಳು ಒಪ್ಪಿಲ್ಲ. ಎರಡನೆಯದನ್ನು ಗೌರವಪೂರ್ವಕ ಖುಲಾಸೆ ಎಂದು ಕರೆಯುತ್ತಾರೆ. ತಮಾಷೆಯೆಂದರೆ, ಈ ಮಾತು ಸಂಹಿತೆಯಲ್ಲೇ ಇಲ್ಲ. ಇಷ್ಟೊಂದು ಬದುಕುಗಳನ್ನು ತೀರ್ಮಾನಿಸುವ ಭೇದವನ್ನು ಶಾಸನ ಗುರುತಿಸಿಯೇ ಇಲ್ಲ.

ಖುಲಾಸೆಯ ಕುರಿತ ನಂಬಿಕೆಯಂಥದೇ ತಪ್ಪು ಕಲ್ಪನೆಯೊಂದು ಇನ್ನೂ ಹೆಚ್ಚು ಜನರನ್ನು ಕಾಡುತ್ತದೆ: ದಂಡ ಕಟ್ಟಿದರೆ ಕೇಸು ಮುಗಿಯಿತು ಎನ್ನುವುದು. ಯುಗಾದಿ, ದೀಪಾವಳಿಗೆ ಬೀದಿಯಲ್ಲಿ ಇಸ್ಪೀಟ್ ಆಡಿ ಸಿಕ್ಕಿಬಿದ್ದವರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನಡಿ ಕೇಸಾಗುತ್ತದೆ. ಅಲೆದಾಟ ಬೇಡವೆಂದು ನ್ಯಾಯಾಧೀಶರ ಮುಂದೆ ‘ತಪ್ಪಾಯಿತು ಸ್ವಾಮಿ’ ಎಂದು ಒಪ್ಪಿಕೊಂಡು ಕೆಲವು ನೂರು ರೂಪಾಯಿ ಕಟ್ಟಿ ಬಂದರೆ, ಕಾನೂನಿನ ಕಣ್ಣಿನಲ್ಲಿ ಅದು ಅಪರಾಧ ಸಾಬೀತಾದಂತೆಯೇ. ಜೈಲಿಗೆ ಹೋಗದವರಿಗೆ ಶಿಕ್ಷೆಯಾಗಿಲ್ಲ ಎನ್ನುವ ಲೆಕ್ಕ ಫಾರಂ ಮುಂದೆ ನಡೆಯುವುದಿಲ್ಲ. ಅದೇ, ಕಾನೂನು ರಾಜಿಗೆ ಅವಕಾಶ ಕೊಟ್ಟಿರುವ ಕೇಸಿನಲ್ಲಿ ಎರಡೂ ಕಡೆಯವರು ರಾಜಿಯಾದರೆ ಆ ರಾಜಿಗೆ ಖುಲಾಸೆಯಷ್ಟೇ ಬಲವಿದೆ. ಅವಸರದಲ್ಲಿ ತಪ್ಪೊಪ್ಪಿಕೊಳ್ಳುವ ಮುನ್ನ ಈ ವ್ಯತ್ಯಾಸವನ್ನು ತಿಳಿಸಿಹೇಳುವವರು ಕೋರ್ಟಿನ ಆವರಣದಲ್ಲಿ ಕಡಿಮೆ. ಇನ್ನು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಅಪರಾಧ ಸಾಬೀತಾದರೂ ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅವಕಾಶ ಅದರಲ್ಲಿದೆ. ಅದರ 12ನೇ ಕಲಮು, ಹಾಗೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟಬಾರದು ಎನ್ನುತ್ತದೆ. ಅಪರಾಧದ ತೀರ್ಮಾನವೇ ಅಳಿಯಿತು ಎಂದು ಇದಕ್ಕೆ ಅರ್ಥ ಹಚ್ಚಿದ ನೌಕರರಿಗೆ ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹಾಗಲ್ಲ ಎಂದು ಹೇಳಿದೆ.

ಈ 12ನೇ ಕಲಮಿನಲ್ಲೇ ನಮ್ಮ ಕಾನೂನಿನ ಒಟ್ಟು ಸ್ವಭಾವ ಕಾಣುತ್ತದೆ: ಆದದ್ದನ್ನು ಮರೆಯುವುದಿಲ್ಲ, ಅದರಿಂದ ಆಗುವ ನಷ್ಟಕ್ಕೆ ಮಿತಿ ಹಾಕುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯನ್ನು ನೋಡಿ. ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಆದರೆ ಅದು ಅರ್ಜಿಗೆ ಹಿಂದಿನ ಐದು ವರ್ಷದೊಳಗಿನದಾಗಿರಬೇಕು. ಕೇಸು ಇನ್ನೂ ನಡೆಯುತ್ತಿದ್ದರೂ ನ್ಯಾಯಾಲಯದ ಅನುಮತಿ ತಂದರೆ 1993ರ ಅಧಿಸೂಚನೆಯಡಿ ಸೀಮಿತ ಅವಧಿಯ ಪಾಸ್‌ಪೋರ್ಟ್ ಸಿಗುತ್ತದೆ. ಚುನಾವಣೆಗೆ ನಿಲ್ಲುವವರಿಗೆ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅನರ್ಹತೆ ಬಿಡುಗಡೆಯ ನಂತರ ಆರು ವರ್ಷಕ್ಕೆ ಮುಗಿಯುತ್ತದೆ. ಒಂದು ಕಾಲದಲ್ಲಿ ಜೈಲು ಕಂಡವರು ಶಾಸನಸಭೆಗೆ ಹೋಗಲು ತಡೆಯಿಲ್ಲ, ಠಾಣೆಯಲ್ಲಿ ಹೆಸರಿದ್ದು ಖುಲಾಸೆಯಾದ ಹುಡುಗ ಕಾನ್‌ಸ್ಟೆಬಲ್ ಆಗಲು ಹೆಣಗಬೇಕು. ಇಂಥ ವಿಚಿತ್ರವನ್ನು ಈ ವ್ಯವಸ್ಥೆ ಸಲೀಸಾಗಿ ನುಂಗಿಕೊಂಡಿದೆ. ರೌಡಿ ಶೀಟ್ ಬೇರೆಯೇ ಜಾತಿಯದು. ಅದು ಶಿಕ್ಷೆಯ ದಾಖಲೆಯಲ್ಲ, ಪೊಲೀಸರು ಕಣ್ಣಿಡಲು ತಮ್ಮ ಕೈಪಿಡಿಯ ಬಲದಲ್ಲಿ ತೆರೆಯುವ ಪಟ್ಟಿ. ಕೇಸುಗಳೆಲ್ಲ ಬಿದ್ದುಹೋದರೂ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮೇಲಧಿಕಾರಿಗೆ ಮನವಿ ಕೊಡಬೇಕು, ಆಗದಿದ್ದರೆ ಹೈಕೋರ್ಟಿಗೆ ಹೋಗಬೇಕು.

ಅಳಿಸುವ ಕಾನೂನು ಭಾರತದಲ್ಲಿ ಇಲ್ಲವೇ ಇಲ್ಲ ಎನ್ನುವುದೂ ತಪ್ಪು. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಹದಿನೆಂಟು ತುಂಬದವರ ಪ್ರಕರಣದ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶಮಾಡಬೇಕು. ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾದ ಹದಿನಾರು ದಾಟಿದವರಿಗೆ ಈ ರಿಯಾಯಿತಿ ಇಲ್ಲ. ಬಾಲ್ಯದ ಪ್ರಕರಣವನ್ನು ಮುಂದಿಟ್ಟು ಕೆಲಸ ತಪ್ಪಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಬೆರಳಚ್ಚು ಮುಂತಾದ ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಲು ಬಿಡುವ 2022ರ ಗುರುತಿಸುವಿಕೆ ಕಾಯ್ದೆಯಲ್ಲೂ ಒಂದು ಕಿಂಡಿಯಿದೆ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಎಲ್ಲ ಹಂತ ದಾಟಿ ಖುಲಾಸೆಯಾದರೆ, ನ್ಯಾಯಾಲಯ ಕಾರಣ ಬರೆದು ಬೇರೆ ಆದೇಶ ಮಾಡದ ಹೊರತು, ಆ ಅಳತೆಗಳನ್ನು ನಾಶಮಾಡಲೇಬೇಕು. ಅಂತರಜಾಲದ ಹೆಸರಿನ ವಿಷಯದಲ್ಲಿ ಮಾತ್ರ ಹೈಕೋರ್ಟುಗಳದು ಒಂದೊಂದು ದಾರಿ. ಕರ್ನಾಟಕ ಹೈಕೋರ್ಟ್ 2017ರಲ್ಲಿ ಒಬ್ಬ ಮಹಿಳೆಯ ಹೆಸರು ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಹೇಳಿತು. ತೀರ್ಪನ್ನೇ ತೆಗೆದುಹಾಕಿ ಎಂದ ಮದ್ರಾಸ್ ಹೈಕೋರ್ಟಿನ ಆದೇಶಕ್ಕೆ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ವಯಸ್ಕರಿಗೂ ಅಳಿಸುವ ಹಕ್ಕು ಕೊಟ್ಟರೆ ಶಾಲೆಯ ವಾಹನ ಓಡಿಸುವವನ ಹಿನ್ನೆಲೆ ತಿಳಿಯುವುದು ಹೇಗೆ, ನೊಂದವರ ಗತಿಯೇನು ಎಂಬ ಆಕ್ಷೇಪ ಹಗುರಾದದ್ದಲ್ಲ. ಸಾಕ್ಷಿಗಳನ್ನು ಬೆದರಿಸಿ ಗೆದ್ದವರಿಗೂ ಅದು ವರವಾಗಬಹುದು. ಆದರೆ ಈ ಆಕ್ಷೇಪ ಎಲ್ಲ ಕೇಸುಗಳಿಗೂ ಒಂದೇ ತೂಕದಲ್ಲಿ ಅನ್ವಯಿಸುವುದಿಲ್ಲ. ಬ್ರಿಟನ್ನಿನ ಕಾನೂನು ಮಕ್ಕಳೊಡನೆ ಒಡನಾಡುವ ಕೆಲಸಗಳನ್ನೂ ಗಂಭೀರ ಅಪರಾಧಗಳ ದೀರ್ಘ ಶಿಕ್ಷೆಗಳನ್ನೂ ಹೊರಗಿಟ್ಟೇ ಉಳಿದವರಿಗೆ ದಾರಿ ಬಿಟ್ಟಿದೆ. ನಮ್ಮ ಬಾಲನ್ಯಾಯ ಕಾಯ್ದೆಯೂ ಘೋರ ಅಪರಾಧವನ್ನು ಬೇರೆಯಾಗಿ ನೋಡಿದೆ. ಬೀದಿಯ ಇಸ್ಪೀಟಿಗೂ ಪ್ರತಿಭಟನೆಯ ಕೇಸಿಗೂ ಒಂದು ಅವಧಿ ಗೊತ್ತುಮಾಡಲು ಶಾಸಕಾಂಗಕ್ಕೆ ಮಾದರಿಯ ಕೊರತೆಯಿಲ್ಲ.

ಕಾನೂನು ಬದಲಾಗುವತನಕ ಖುಲಾಸೆಯಾದವರು ಮಾಡಬಹುದಾದ ಕೆಲಸ ಇಷ್ಟು: ತೀರ್ಪಿನ ದೃಢೀಕೃತ ಪ್ರತಿಯನ್ನು ಅಂದೇ ಅರ್ಜಿ ಹಾಕಿ ಪಡೆಯುವುದು, ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುವುದು, ಅಳತೆಗಳ ನಾಶಕ್ಕೆ ಲಿಖಿತವಾಗಿ ಕೋರುವುದು, ಫಾರಂ ಕೇಳಿದ್ದಕ್ಕೆ ಇದ್ದದ್ದನ್ನು ಬರೆದು ಪ್ರತಿಯನ್ನು ಲಗತ್ತಿಸುವುದು. ಹೊರದೇಶಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಮೆರಿಕದ ವೀಸಾ ಅರ್ಜಿ, ಕ್ಷಮಾದಾನ ಸಿಕ್ಕಿದ್ದರೂ ಸರಿ, ಎಂದಾದರೂ ಬಂಧನವಾಗಿತ್ತೇ ಎಂದು ಕೇಳುತ್ತದೆ. ತನ್ನದೇ ರಾಜ್ಯದ ನ್ಯಾಯಾಲಯ ಅಳಿಸಿದ ಶಿಕ್ಷೆಯನ್ನೂ ಅಲ್ಲಿನ ವಲಸೆ ಕಾನೂನು ಸಾಮಾನ್ಯವಾಗಿ ಶಿಕ್ಷೆಯೆಂದೇ ಎಣಿಸುತ್ತದೆ.